ಬಾಣಂತಿ ಅಲ್ಲದಾಕಿ

ಎಡಗೈ ಮ್ಯಾಲಿನ ಸರಳಿಗೆ,
ಬಲಗೈ ಟಿಕೀಟಿನ ಮಿಷನ್ನಿಗೆ.
ಹನ್ನೊಂದು ವರ್ಷ
ಕಲಬುರಗಿ ಶಹಾಪುರದ ದಾರಿ ನನ್ನ ಮೈಯಾಗೇ ಹಾಸ್ಯಾರ.
ಫರಹತಾಬಾದದ ತಗ್ಗು ಸೊಂಟದಾಗ,
ಕಟ್ಟಿಸಂಗಾವಿ ಪೂಲಿನ ಕುಲುಕು ಭುಜದಾಗ,
ಜೇವರ್ಗಿ ಸ್ಟ್ಯಾಂಡಿನ ನೂಕಾಟ ಪಕ್ಕಡಿಯಾಗ.
ಡಾಕ್ಟರು ಫೋಟೋ ತೆಗೆಸಿದ, ಎಲುಬು ಸಾಫ್ ಅದ ಅಂದ.
ಗುಳಿಗಿ ಬರದ, ರೆಸ್ಟ್ ತಗೋರಿ ಅಂದ.
ರೆಸ್ಟ್ ಯಾವ ಸ್ಟಾಪಿನ್ಯಾಗ ಹತ್ತತದೋ
ನಾ ಕೇಳಲಿಲ್ಲ.

ಮೋಮಿನಪುರದ ಗಲ್ಲ್ಯಾಗ ಮಾಲನಬಿ,
ಬಾಣಂತ್ಯಾರಿಗೆ, ಕೂಸುಗಳಿಗೆ ಎಣ್ಣಿ ತಿಕ್ಕಾಕಿ.
ಪರದೆ ಸರಿಸಿ ನೋಡಿದಳು:
"ಎಷ್ಟು ದಿನ ಆತವ್ವ ಹಡದು?"
ನಾ ಹಡದಾಕಿ ಅಲ್ಲ, ಅಂದೆ.
ಮದುವಿ? ಅದೂ ಇಲ್ಲ.
ಕುಸುಬಿ ಎಣ್ಣಿಗೆ ಎರಡು ಎಸಳು ಬಳ್ಳೊಳ್ಳಿ ಹಾಕಿ
ಚಟಪಟ ಅನ್ನೂತನ ಸುಮ್ಮನಿದ್ದು,
"ನೀ ಒಮ್ಮೆ ಹುಟ್ಟೀದಿ ಇಲ್ಲೋ?
ಅಷ್ಟು ಸಾಕು. ಬೋರಲ ಮಲಗು."

ಫರಸಿ ತಣ್ಣಗ. ಚಾಪಿ ತೆಳ್ಳಗ.
ಮೊದಲು ಆಕಿ ಒತ್ತಲಿಲ್ಲ,
ಅಂಗೈ ಇಟ್ಟು ಕುಂತಳು,
ಜ್ವಾಳದ ಹಿಟ್ಟು ನಾದೂ ಮುಂಚೆ
ನೀರಿನ ಬಿಸಿ ನೋಡಿದಂಗ.
"ಎಡಗಾಲಿನ ಮ್ಯಾಲೇ ನಿಂದರತೀದಿ," ಅಂದಳು.
ಆಮ್ಯಾಲ ಹೆಬ್ಬಟ್ಟು
ರೆಕ್ಕಿ ಎಲುಬಿನ ಕೆಳಗ ಹೊಕ್ಕು ಒಂದು ಗಂಟು ಹಿಡೀತು.
"ಇಲ್ಲಿ ಯಾರನ್ನ ಕೂಡಿಸೀದಿ?"

ನಗು ಬಂತು. ನಗೂವಾಗ ಉಸಿರು ಸಿಕ್ಕಿತು.
ಯಾರಂತ ಹೇಳಲಿ?
ಚಿಲ್ಲರ ಸಲುವಾಗಿ ಅವ್ವನ ಹೆಸರೆತ್ತಿ ಬೈದಾಂವನ್ನ?
ಬಾಗಲದಾಗ ಜೋತಾಡಿ ಕೈ ಜಾರಿದ ಹುಡುಗನ್ನ
ಕಾಲರ್ ಹಿಡಿದು ಒಳಗ ಜಗ್ಗಿದ ಆ ಸಂಜೀನ?
ಅಂವ ಇಳಿದು ಹೋಗಿ ವರ್ಷ ಆತು,
ಈ ಕೈ ಅವನ ಕಾಲರ್ ಇನ್ನಾ ಬಿಟ್ಟಿದ್ದಿಲ್ಲ.

"ಬಿಡು," ಅಂದಳು.
ಬಿಡೂದು ಬರಲಿಲ್ಲ ನನಗ.
ಆಕಿ ಅವಸರ ಮಾಡಲಿಲ್ಲ.
ಮುಂಗೈಯಿಂದ ಬೆರಳಿಗೆ, ಬೆರಳಿಂದ ಉಗುರಿಗೆ
ಒಂದೊಂದೇ ಸ್ಟಾಪಿಗೆ ನಿಂತು ಎಣ್ಣಿ ನಡೀತು.
ಐದನೇ ಬೆರಳಿಗೆ
ಮುಷ್ಟಿ ತಾನಾಗೇ ತೆರೀತು.
ಒಳಗ ಯಾರೂ ಇದ್ದಿಲ್ಲ.

ಕಡಿಗೆ ಕಾಲು ಚಾಚಿ, ನನ್ನ ತಲಿ
ಮಣಕಾಲ ಮ್ಯಾಲ ತಗೊಂಡು
ಕೂಸಿಗೆ ಮಾಡಿದಂಗ ಹಣಿ ಎಳದಳು, ಮೂಗು ತೀಡಿದಳು.
"ಮೊಂಡ ಅದ. ಈಗ ತೀಡಿ ಏನೂ ಫಾಯ್ದಾ ಇಲ್ಲ."
ನೂರಾ ಐವತ್ತು ಎಣಿಸಿ ತಗೊಂಡಳು.
"ನಿನ್ನ ಬಸ್ಸಿನ್ಯಾಗ ನನಗ ಝೀರೋ ಟಿಕೀಟು, ಖರೇ.
ನನ್ನ ಚಾಪಿಗೆ ಅದು ನಡ್ಯಂಗಿಲ್ಲವ್ವ."

ನೋವು ಹೋತೇನು? ಸುಳ್ಳು ಹೇಳಂಗಿಲ್ಲ.
ಮೂರನೇ ದಿನ ಫರಹತಾಬಾದದಾಗ ಹತ್ತಿತು,
ಜೇವರ್ಗಿ ಬರೂದ್ರಾಗ ಇಳೀತು.
ಅವತ್ತೇ ಒಬ್ಬಾಕಿ ಕೂಸು ಹೊತ್ತು ಬಂದಳು.
ಕುಂಚಗಿಯೊಳಗಿಂದ ಬಳ್ಳೊಳ್ಳಿ, ಕುಸುಬಿಯ ಘಾಟು.
ನೆತ್ತಿ ಮಿಂಚತಿತ್ತು, ಮೂಗು ನೆಟ್ಟಗಿತ್ತು.
ಅದು ನನ್ನ ನೋಡಿತು, ನಾ ಅದನ್ನ;
ಒಂದೇ ಚಾಪಿಯವರು.
ಅವ್ವಗ ಝೀರೋ ಹರಿದು ಕೊಟ್ಟೆ.
ಕೂಸಿಗೆ ಟಿಕೀಟು ಬೇಕಾಗಿದ್ದಿಲ್ಲ.
ಬಲಗಾಲಿನ ಮ್ಯಾಲ ಭಾರ ಹಾಕಿ
ಸೀಟಿ ಊದಿದೆ.