ನಾಲ್ಕನೇ ಕೋರು

ಮೂರು ಪಾಯಿಂಟ್ ಆರಕ್ಕ ಅಂತ ಮಾಡಿ ಕಳಿಸಿದ ಪ್ರೊಸೆಸರು,
ನಾ ನಾಲ್ಕು ಪಾಯಿಂಟ್ ನಾಲ್ಕಕ್ಕ ಏರಿಸೀನಿ.
ರಾತ್ರಿ ಹತ್ತೂವರಿ. ಸೂಪರ್ ಮಾರ್ಕೆಟಿನ ಶೆಟರ್ ಎಲ್ಲಾ ಕೆಳಗ,
ನನ್ನದೊಂದು ಅರ್ಧ.
ಗೋಡಿಗಿ ಕೈ ಹಚ್ಚಿದ್ರ ಇನ್ನಾ ಮಧ್ಯಾಹ್ನ ಅದ.
ನೀರಿನ ಕೂಲರು ನನಗ,
ಟೇಬಲ್ ಫ್ಯಾನು ಅದಕ್ಕ.

ಟೆಸ್ಟ್ ಶುರು.
ಎಂಟೂ ಕೋರು ಅವಿಭಾಜ್ಯ ಸಂಖ್ಯೆ ಹುಡುಕಾಕ ಹೊಂಟವು.
ಯಾರಿಗೂ ಬ್ಯಾಡಾದ ಸಂಖ್ಯೆ,
ಸಿಕ್ಕರೂ ನಾ ಬರಕೊಳ್ಳೂದಿಲ್ಲ.
ಎಪ್ಪತ್ತು ಡಿಗ್ರಿ. ಎಂಬತ್ತೆರಡು. ಎಂಬತ್ತೊಂಬತ್ತಕ್ಕ ನಿಂತದ.
ತೊಂಬತ್ತೈದಾದ್ರ ಬಂದ್ ಮಾಡ್ತೀನಂತ
ನನಗ ನಾನ ಮಾತು ಕೊಟ್ಟೀನಿ.

ತರನ್ನುಮ್ ಲಗ್ನದ ವಿಡಿಯೊ ಎಡಿಟ್ ಮಾಡ್ತಾಳ.
ಹೊಸಾದು ತಗೋರಿ ಅಂದೆ. ನಕ್ಕಳು.
“ಇದ್ದದ್ದ ಜೋರ ಓಡಸು ಅಂಬಣ್ಣಾ,
ಆದ್ರ ನಡುವ ನಿಲ್ಲಬಾರದು ನೋಡು.
ಹೋದ ತಿಂಗಳ ಯಾದಗಿರಿ ಪಾರ್ಟಿದು
ತೊಂಬತ್ತೆಂಟು ಪರ್ಸೆಂಟಿಗಿ ನೀಲಿ ಪರದಿ ಬಂತು.
ಊಟದ್ದೆಲ್ಲಾ ಉಳೀತು,
ಮದುಮಗಳು ನಕ್ಕಿದ್ದು ಹೋತು.”

ನಮ್ಮಪ್ಪ ಶಹಾಬಾದಿನ ಗಣ್ಯಾಗ ಫರಸಿ ಆರಿಸ್ತಿದ್ದ.
ಕಣ್ಣಿಗಿ ಎಲ್ಲಾ ಒಂದೇ ಬೂದಿ ಬಣ್ಣ.
ಆತ ಕಲ್ಲು ನಿಲ್ಲಿಸಿ, ಬಟ್ಟಿನ ಗೆಣ್ಣಿಲೆ ಬಡದು,
ಕಿವಿ ಕೊಡತಿದ್ದ.
ಠಣ್ ಅಂದ್ರ ಲಾರಿಗಿ.
ಥಪ್ ಅಂದ್ರ ಬಾಜೂಕ.
ಎಲ್ಲಿ ಒಡದಾದಪ, ಕಾಣವಲ್ದು ಅಂದ್ರ
“ಇನ್ನಾ ಒಡದಿಲ್ಲ” ಅಂತಿದ್ದ.

ಹನ್ನೆರಡಕ್ಕ ಸೈ. ಎರಡಕ್ಕೂ ಸೈ.
ಎರಡೂವರಿಗಿ ಕರೆಂಟ್ ಹೋಗಿ ಯುಪಿಎಸ್ ಚೀರಿತು,
ನನ್ನ ಎದಿ ಹಾರಿತು, ಅದರದು ಹಾರಲಿಲ್ಲ.
ಮೂರು ಮಿನಿಟಿಗಿ ಬೆಳಕು ಬಂತು.
ಕುರ್ಚಿಮ್ಯಾಲ ಹಂಗ ಜೊಂಪು ಹತ್ತಿತು.

ನಾಕೂ ಹತ್ತು.
ಎಬ್ಬಿಸಿದ್ದು ಸಪ್ಪಳಲ್ಲ,
ಸಪ್ಪಳ ಒಂದೀಟು ಕಮ್ಮಿ ಆಗಿದ್ದು.
ಹೊಗಿ ಇಲ್ಲ, ಸುಟ್ಟ ವಾಸನಿ ಇಲ್ಲ, ನೀಲಿ ಪರದಿನೂ ಇಲ್ಲ.
ಏಳು ಕೋರು ಓಡಕತ್ಯಾವ.
ನಾಲ್ಕನೇದು ಎಲ್ಲೋ ಒಂದು ಲೆಕ್ಕ ತಪ್ಪಿ,
ತಪ್ಪಿದೆ ಅಂತ ಕೆಂಪಕ್ಷರದಾಗ ಒಂದ ಸಾಲು ಬರದು
ಸುಮ್ಕ ಕುಂತದ,
ಐದು ತಾಸು ನಲವತ್ತು ಮಿನಿಟು
ಖರೇ ಹೇಳಿದ ಮ್ಯಾಲ.

ಬೈಯಾಕ ಬಾಯಿ ತಗದೆ.
ಮಾತಿಲ್ಲದ ಕೂಲಿಗಿ ಹಚ್ಚಿದವ ನಾನ.
ಅದಾದರೂ ತಪ್ಪಿದ್ದು ಒಪ್ಪಿಕೊಂಡದ.

ನಾಲ್ಕು ಪಾಯಿಂಟ್ ಮೂರು.
ವೋಲ್ಟೇಜ್ ಮುಟ್ಟಲಿಲ್ಲ.
ನಾಕೂವರಿಗಿ ಮತ್ತ ಶುರು, ಗಡಿಯಾರ ಸೊನ್ನೆಯಿಂದ.
ಚಹಾದ ಗಾಡಿ ಬಂತೇನಂತ ಎದ್ದಾಗ
ಗೆಣ್ಣು ತಾನ ಹೋಗಿ ಕ್ಯಾಬಿನೆಟ್ಟಿಗಿ ಬಡೀತು.
ತಗಡು. ಏನ ಬಡದರೂ ಒಂದೇ ಅಂತದ.

ಹತ್ತಕ್ಕ ತರನ್ನುಮ್ ಬರ್ತಾಳ.
ಅಷ್ಟೊತ್ತಿಗಿ ಐದೂವರಿ ತಾಸು ಆಗಿರ್ತದ.
ಆಯ್ತೇನ ಅಣ್ಣಾ ಅಂದ್ರ
ಸ್ಟೂಲು ಸರಿಸಿ ಹೇಳ್ತೀನಿ:
ಇನ್ನೊಂದು ಹತ್ತು ಮಿನಿಟು ಕೂಡ್ರವಾ.