ಮಾಗಾಠಾಣೆಯ ಮನೆಗಣತಿ

ಬೋರಿವಲಿಯ ಬಸ್ ಡಿಪೋ ಹಿಂದೆ
ನನ್ನ ಪಾಲಿಗೆ ಬಂದದ್ದು ನೂರಾ ಹದಿನಾಲ್ಕು ಬಾಗಿಲು,
ಒಂದು ಡಬ್ಬಿ ಸೀಮೆಸುಣ್ಣ,
ಕೊರಳಲ್ಲಿ ನೇತಾಡುವ ಗುರುತಿನ ಚೀಟಿ:
ನೀಲಾಂಬಿಕಾ ಹೂಗಾರ, ಶಿಕ್ಷಕಿ,
ಪಾಲಿಕೆ ಶಾಲೆ, ಕನ್ನಡ ಮಾಧ್ಯಮ.

ನೂರಾ ಆರರವರೆಗೆ ತೊಂದರೆ ಇರಲಿಲ್ಲ.
ತಗಡು, ಸಿಮೆಂಟು ಶೀಟು, ಮತ್ತೆ ತಗಡು.
ನಳ ಒಳಗೋ ಹೊರಗೋ, ಟಿವಿ ಇದೆಯೋ.
ಮೂರು ಕಡೆ ಚಹಾ, ಒಂದು ಕಡೆ ನಾಯಿ.

ಆಮೇಲೆ ಸಂದಿ ತಿರುಗಿದಲ್ಲಿ
ಬಾಗಿಲೇ ಇಲ್ಲದ ಮನೆ.
ಹುಲ್ಲು ಬೆಳೆದ ಬಂಡೆಯ ಹುಬ್ಬು, ಕೆಳಗೆ ಕತ್ತಲು,
ಸವೆದ ಕಂಬಕ್ಕೆ ಹಗ್ಗ ಬಿಗಿದು
ಯಾರದೋ ಶಾಲೆ ಯೂನಿಫಾರ್ಮು ಒಣಹಾಕಿದ್ದಾರೆ.
ಗೋಡೆಯಲ್ಲಿ ಕೂತವನಿಗೆ ಮುಖ ಉಳಿದಿಲ್ಲ,
ಮಳೆ ಒರೆಸಿಕೊಂಡು ಹೋಗಿದೆ
ನಾನು ಬೋರ್ಡು ಒರೆಸುವ ಹಾಗೆ,
ಮೂಲೆಯಲ್ಲಿ ಸ್ವಲ್ಪ ಬಿಟ್ಟು.

ಸೀಮೆಸುಣ್ಣ ಎತ್ತಿದ ಕೈ ಹಾಗೇ ನಿಂತಿತು.
ನೆಲ: ಕಲ್ಲು. ಗೋಡೆ: ಕಲ್ಲು. ಚಾವಣಿ: ಅದೇ ಕಲ್ಲು.
ಅಡುಗೆಮನೆ: ಇಲ್ಲ, ಬೇಡಿ ತಂದು
ಹೊತ್ತು ನೆತ್ತಿಗೇರುವ ಮೊದಲೇ ಉಣ್ಣುತ್ತಿದ್ದರಂತೆ.
ಕುಡಿಯುವ ನೀರು: ಬಂಡೆಯಲ್ಲಿ ಕೊರೆದ ತೊಟ್ಟಿ,
ಈಗ ಅದರಲ್ಲಿ ಒಂಟಿ ಚಪ್ಪಲಿ ತೇಲುತ್ತಿದೆ.
ಸೊತ್ತು: ತಲೆಗೆ ಮೂರು ಬಟ್ಟೆ, ಒಂದು ಪಾತ್ರೆ, ಒಂದು ಸೂಜಿ.
ಕುಟುಂಬದ ಯಜಮಾನ:
ಗೆರೆ ಎಳೆದೆ.

ಊರಿನ ಹೆಸರೂ ಅವರ ಕಾಲದ್ದೇ ಅನ್ನುತ್ತಾರೆ.
ಗುಡ್ಡದ ಮೇಲೆ ಕಾನ್ಹೇರಿಯ ಬಂಡೆಯಲ್ಲಿ ಬರೆದಿದೆಯಂತೆ,
ಮಂಗಲಸ್ಥಾನದ ಹೊಲ, ಭಿಕ್ಷುಗಳಿಗೆ.
ನಾಲಗೆಯಿಂದ ನಾಲಗೆಗೆ ಉರುಳಿ
ಮಂಗಲ ಹೋಗಿ ಮಾಗಾ, ಸ್ಥಾನ ಹೋಗಿ ಠಾಣೆ.
ಈಗ ಮೆಟ್ರೋದೊಳಗಿನ ಹೆಣ್ಣುದನಿ
ದಿನಕ್ಕೆ ಇನ್ನೂರು ಸಲ ಕರೆಯುತ್ತದೆ ಅದನ್ನು,
ಫೋನಿನಿಂದ ತಲೆ ಎತ್ತುವವರಿಲ್ಲ.

ಅದೇ ಗುಡ್ಡದಲ್ಲಿ, ನಮ್ಮ ಕಡೆಯ ಅರಸರು ಆಳುತ್ತಿದ್ದಾಗ
ಕೊರೆದಿಟ್ಟ ಲೆಕ್ಕವೂ ಇದೆ:
ದುರಸ್ತಿಗೆ ಇಷ್ಟು, ಬಟ್ಟೆಗೆ ಇಷ್ಟು,
ಪುಸ್ತಕಕ್ಕೆ ಒಂದು ದ್ರಮ್ಮ.
ಒಂದೇ ಒಂದು.
ನಕ್ಕುಬಿಟ್ಟೆ. ಹನ್ನೊಂದು ಮಕ್ಕಳ ನನ್ನ ಶಾಲೆಗೆ
ಈ ವರ್ಷ ಅದೂ ಬಂದಿಲ್ಲ.

‘ಏನು ಬಾಯಿ, ಕಲ್ಲಿನ ಜೊತೆ ನಗೆಚಾಟಿಕೆ?’
ಬಕೆಟ್ ಹಿಡಿದು ಬಂದಳು ಶೇವಂತಾ ಖರಾತ,
ಆ ಯೂನಿಫಾರ್ಮಿನ ಅಜ್ಜಿ, ನೂರಾ ಏಳನೇ ಬಾಗಿಲು.
ಅವಳ ಮಾವ ಸಾತಾರೆಯಿಂದ ಕಲ್ಲುಗಣಿಗೆ ಬಂದವನು.
ಜನ್ಮವಿಡೀ ಒಡೆದ, ಇದೊಂದನ್ನು ಮುಟ್ಟಲಿಲ್ಲ.
ಮದ್ದು ತುಂಬು ಎಂದ ಮುಕಾದಮನ ಎದುರು
ಸುತ್ತಿಗೆ ಕೆಳಗಿಟ್ಟು ಕೂತನಂತೆ.
ಎರಡು ದಿನದ ಕೂಲಿ ಹೋಯಿತು,
ಅತ್ತೆ ಸಾಯುವವರೆಗೂ ಅದನ್ನೇ ಆಡಿಕೊಂಡಳು.

ಧರ್ಮ?
ನನ್ನ ಪೆನ್ನಿನ ತುದಿಯನ್ನೇ ನೋಡುತ್ತ, ನಿಧಾನ,
ಬೌದ್ಧ, ಅಂದಳು.
ಜೋಡಕ್ಷರ ನೀಟಾಗಿ ಬರಿ.
ಬರೆದೆ. ಬಗ್ಗಿ ನೋಡಿದಳು.

ಎಷ್ಟು ವರ್ಷದಿಂದ ಇಲ್ಲಿ ವಾಸ?
ಬಕೆಟ್ ಕೆಳಗಿಟ್ಟಳು.
ಹಗ್ಗದ ಮೇಲಿನ ಅಂಗಿ ತಿರುವಿ ಹಾಕಿದಳು, ತೋಳು ಇನ್ನೂ ಹಸಿ.
ಬೆರಳು ಮಡಚಿ ಎಣಿಸಲು ಶುರುಮಾಡಿದಳು,
ಒಂದು ಕೈ ಮುಗಿಯಿತು, ಇನ್ನೊಂದಕ್ಕೆ ಬಂದಳು.
ನನಗೆ ಇನ್ನೂ ಏಳು ಬಾಗಿಲು ಬಾಕಿ.
ಆದರೂ ತಡೆಯಲಿಲ್ಲ.