ಖರಾಬು

ಪಹಣಿಯಲ್ಲಿ ಒಂದೇ ಪದ: ಖರಾಬು.
ನಾಲ್ಕೆಕರೆ ಹನ್ನೊಂದು ಗುಂಟೆ.
ಮೂಡಲಿಗೆ ಕಲ್ಲುಕ್ವಾರಿಯ ಹೊಂಡ,
ಪಡುವಲಿಗೆ ಹೊಸ ಬಡಾವಣೆಯ ನೀರಿನ ಟ್ಯಾಂಕು,
ನಡುವೆ ಬಳ್ಳಾರಿ ಜಾಲಿ, ಹರಿದ ಸಿಮೆಂಟು ಚೀಲ,
ಯಾರದೋ ಮದುವೆಯ ಕಾಗದದ ತಟ್ಟೆಗಳು.
ಇಲ್ಲೊಂದು ಪಾರ್ಕು ಬರೆದುಕೊಡಿ ಎಂದರು ನನಗೆ.

ಬರೆದೆ ಮೊದಲು ಎಲ್ಲರಂತೆ:
ನಡುವೆ ಕಾರಂಜಿ, ಸುತ್ತ ಲಾನು,
ಮೂಲೆಯಲ್ಲಿ ಸಿಮೆಂಟಿನ ಜಿಂಕೆ ಎರಡು.
ದುರ್ಗದ ಬಂಡೆಗಳು ದೂರದಿಂದ ನೋಡಿದವು,
ಏನೂ ಅನ್ನಲಿಲ್ಲ.

ಅಂದದ್ದು ಸೂರಮ್ಮ.
ಕುದಾಪುರದ ಕಡೆಯವಳು, ಕಿಲಾರಿಗಳ ಮನೆಯ ಮಗಳು,
ಈಗ ನಗರಸಭೆಯ ಕಸದ ಗಾಡಿಯ ಹಿಂದೆ ನಡೆಯುವವಳು.
ನಕಾಶೆಯನ್ನು ತಲೆಕೆಳಗಾಗಿ ಹಿಡಿದು ಕೇಳಿದಳು:
"ಹುಲ್ಲೆಲ್ಲೈತೆ ಇದರಾಗೆ?"
ಲಾನು ತೋರಿಸಿದೆ.
"ಅದು ಹುಲ್ಲಲ್ಲ ಬಿಡವ್ವಾ, ಚಾಪೆ.
ಹುಲ್ಲು ಅಂದ್ರೆ, ಕರು ಒಳಗೆ ಹೋದ್ರೆ
ಬಾಲ ಮಾತ್ರ ಕಾಣಬೇಕು."

ಕಂಪ್ಯೂಟರಿನಲ್ಲಿ ಮರಕ್ಕೆ ಚಿಹ್ನೆಯುಂಟು, ಬೆಂಚಿಗುಂಟು,
ಕಸದ ಬುಟ್ಟಿಗೂ ಉಂಟು,
ನಿಂತ ಹುಲ್ಲಿಗಿಲ್ಲ.
ಬರೆಯದೆ ಬಿಟ್ಟರೆ ಖಾಲಿ;
ಖಾಲಿ ಕಂಡರೆ ನಾಳೆ ಯಾರಾದರೂ
ಅಲ್ಲೊಂದು ಸಮುದಾಯ ಭವನ ಎಬ್ಬಿಸುತ್ತಾರೆ.
ಚುಕ್ಕೆ ಇಟ್ಟೆ, ಒಂದೊಂದೇ,
ರಾತ್ರಿ ಎರಡರವರೆಗೆ ನಾಲ್ಕೆಕರೆ ಚುಕ್ಕೆ.

ಸಭೆಯಲ್ಲಿ ಇಂಜಿನಿಯರ್ ರುದ್ರಮುನಿ ಕನ್ನಡಕ ತೆಗೆದರು:
"ಇದೇನಮ್ಮಾ, ಪ್ರಿಂಟರ್ ಸೀನಿತೇ?"
ವಾರ್ಡಿನ ಸದಸ್ಯೆ ಜಬೀನಾ ತಾಜ್ ಕೇಳಿದ್ದು ಒಂದೇ,
ನೀರೆಷ್ಟು ಬೇಕು?
ಬೇಡ, ಅಂದೆ.
ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ವಾರ್ಡು ಅವರದು.
ಸಹಿ ಬಿತ್ತು.

ಜಾಲಿ ಕಿತ್ತೆವು. ತುಂಡು ಬೇರು ಉಳಿದರೂ
ಮತ್ತೆ ನಗುತ್ತದೆಂದು ಬೇರಿನ ಹಿಂದೆಯೇ ಅಗೆದೆವು.
ಕೆಂಪುಮಣ್ಣಿನ ಲಾರಿ ವಾಪಸು ಕಳಿಸಿದೆವು,
ಗರಸು ಗರಸಾಗಿಯೇ ಇರಲಿ.
ತಂಗಡಿ, ಕಾರೆ, ಕವಳಿ ಅಲ್ಲಲ್ಲಿ ತಾವೇ ಬದುಕಿದ್ದವು;
ಅವಕ್ಕೆ ದಾರಿ ಬಿಟ್ಟು ನಮ್ಮ ದಾರಿ ಬಾಗಿಸಿದೆವು.
ಕಾರ್ತಿಕದಲ್ಲಿ ಸೂರಮ್ಮ ತವರಿನ ಕಾವಲಿನಿಂದ
ಮೂರು ಗೋಣಿ ಬೀಜ ತಂದಳು, ಬಸ್ಸಿನಲ್ಲಿ.
ಲಗೇಜು ಟಿಕೆಟ್ ಹರಿದ ಕಂಡಕ್ಟರನ ನಗು
ದುರ್ಗದ ಸ್ಟ್ಯಾಂಡಿನ ತನಕ ಇಳಿಯಲಿಲ್ಲವಂತೆ.

ಹಂಚಿಹುಲ್ಲಿನ ಬೀಜ ನೋಡಿದ್ದೀರಾ?
ಒಂದು ತುದಿ ಸೂಜಿ, ಇನ್ನೊಂದು ಬಾಲ.
ಅಂಗೈಯಲ್ಲಿಟ್ಟು ಅವಳು ಉಗುಳು ಹಚ್ಚಿದಳು;
ಬಾಲ ತಿರುಗತೊಡಗಿತು,
ಯಾರೂ ಕೀಲಿ ಕೊಡದ ಗಡಿಯಾರದ ಮುಳ್ಳು,
ತನ್ನ ಗುಂಡಿ ತಾನೇ ತೋಡಿಕೊಳ್ಳುವ ಕೂಲಿ.
ನನ್ನ ಎಸ್ಟಿಮೇಟಿನಲ್ಲಿ ಇನ್ನೂ ಇತ್ತು:
ಗುಂಡಿ ತೋಡುವುದು, ಆರುನೂರು.

ಮೊದಲ ಬೇಸಿಗೆಗೆ ಎಲ್ಲಾ ಕಂದು.
ಅರ್ಜಿ ಬಂತು, ನಲವತ್ತೆರಡು ಸಹಿ: ಪಾರ್ಕು ಸತ್ತಿದೆ.
ಒಣಗುವುದು ಬೇರೆ, ಸಾಯುವುದು ಬೇರೆ
ಎಂದು ಯಾವ ಬೋರ್ಡಿನ ಮೇಲೆ ಬರೆಯಲಿ?
ಹಾವು ಬರುತ್ತದೆ ಅಂದರು. ಬಂತು ಕೂಡ, ಒಂದು.
ಟ್ಯಾಂಕಿನ ಕಡೆಯ ಮನೆಯವರು
ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ.

ಅದೇ ಬೇಸಿಗೆ, ಕಾರಂಜಿ ಬರೆದಿದ್ದ ಜಾಗದಲ್ಲಿ
ಗರಸಿನ ಮೇಲೆ ನಾಲ್ಕು ಕಲ್ಲು.
ಮೂರು ದಿನ ಕಲ್ಲೆಂದೇ ದಾಟಿ ನಡೆದಿದ್ದೆ.
ನಾಲ್ಕನೆಯ ದಿನ ಟಿಟ್ಟಿಭವೊಂದು ನೆತ್ತಿಯ ಮೇಲೆ
ಬೈಯುತ್ತಾ ಸುತ್ತಿತು, ಎಂಥಾ ಬೈಗುಳ!
ಸೂರಮ್ಮ ತನ್ನ ಹಸಿರು ಕೋಟು ಬಿಚ್ಚಿ
ದಾರಿಗೆ ಅಡ್ಡ ಹಾಸಿದಳು.

ಪಹಣಿಯಲ್ಲಿ ಇವತ್ತಿಗೂ ಖರಾಬು.
ತಿದ್ದಿಸಲು ನಾನು ಹೋಗಿಲ್ಲ.
ಒಳ್ಳೆಯ ಹೆಸರು ಬಂದರೆ
ಅಳೆಯುವವರೂ ಬರುತ್ತಾರೆ.

ಮುಂದಿನ ಕಾರ್ತಿಕ, ಎದೆಯುದ್ದ ಹುಲ್ಲು,
ರುದ್ರಮುನಿ ತನಿಖೆಗೆ ಬಂದರು.
ಒಂದು ಗಂಟೆ ನಡೆದರು, ಏನೂ ಅನ್ನಲಿಲ್ಲ, ಬಂಡೆಗಳ ಹಾಗೆ.
ರಾತ್ರಿ ಹತ್ತಕ್ಕೆ ಫೋನು:
"ನಿಮ್ಮ ಹುಲ್ಲು ನನ್ನ ಕಾಲುಚೀಲದಲ್ಲಿದೆ.
ಎಪ್ಪತ್ತು ಎಣಿಸಿದೆ, ಇನ್ನೂ ಇವೆ. ಏನು ಮಾಡಲಿ?"
ಸೂರಮ್ಮನನ್ನು ಕೇಳಿ ಹೇಳುತ್ತೇನೆ ಅಂದೆ.
ಅವರು ಇಡಲಿಲ್ಲ.
ಆ ಕಡೆಯಿಂದ, ಒಂದೊಂದೇ,
ಬೀಜ ಕೀಳುವ ಸದ್ದು.